ಸ್ಟುಟ್‌ಗಾರ್ಟ್ ಹೇಳಿಕೆಯಲ್ಲಿ ಇಲ್ಲದ ಪದ

1945ರ ಅಕ್ಟೋಬರ್‌ನಲ್ಲಿ ಸ್ಟುಟ್‌ಗಾರ್ಟ್ ಹೇಳಿಕೆಯ ಮೂಲಕ ಜರ್ಮನಿಯ ಪ್ರೊಟೆಸ್ಟೆಂಟ್ ಸಭೆ ನಾಜಿ ಕಾಲದ ತನ್ನ ತಪ್ಪಿಗಾಗಿ ಯೆಹೂದ್ಯರ ಕ್ಷಮೆ ಕೋರಿತೆಂದು, ನಾಜಿಗಳ ಯೆಹೂದ್ಯ ದ್ವೇಷದ ಕುರಿತ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಆ ಪುಟ್ಟ ಹೇಳಿಕೆಯನ್ನು ಒಮ್ಮೆ ಓದಿ ನೋಡಲಿ. ಇನ್ನಷ್ಟು ಧೈರ್ಯದಿಂದ ಸಾಕ್ಷಿ ನುಡಿಯಲಿಲ್ಲ, ಇನ್ನಷ್ಟು ಉತ್ಕಟವಾಗಿ ಪ್ರೀತಿಸಲಿಲ್ಲ ಎಂಬ ಅಳಲು ಅದರಲ್ಲಿದೆ. ‘ಯೆಹೂದ್ಯ’ ಎಂಬ ಪದ ಒಂದೆಡೆಯೂ ಇಲ್ಲ! ಅದನ್ನು ಬಾಯಿಬಿಟ್ಟು ಹೇಳಲು 1950ರಲ್ಲಿ ಬರ್ಲಿನ್ನಿನ ವೈಸೆನ್ಸೇಯಲ್ಲಿ ನಡೆದ ಆ ಸಭೆಯ ಮಹಾಸಭೆಯೇ ಬರಬೇಕಾಯಿತು.

ನಾಜಿಗಳ ದ್ವೇಷ ಕೇವಲ ಜನಾಂಗೀಯವಾದದ್ದು, ಧರ್ಮಕ್ಕೂ ಅದಕ್ಕೂ ನಂಟಿಲ್ಲ ಎಂಬ ಲೇಖಕರ ಮಾತನ್ನಂತೂ ಒಪ್ಪಲಾರೆ. ಯೆಹೂದ್ಯರ ಪ್ರಾರ್ಥನಾಲಯಗಳಾದ ಸಿನಗಾಗ್‌ಗಳಿಗೆ ಬೆಂಕಿ ಹಚ್ಚಿ, ಅವರ ಮನೆಗಳನ್ನು ಕೆಡವಿ ಎಂದು 1543ರಲ್ಲೇ ‘ಯೆಹೂದ್ಯರು ಮತ್ತು ಅವರ ಸುಳ್ಳುಗಳು’ ಎಂಬ ಪುಸ್ತಕದಲ್ಲಿ ಬರೆದವನು ಪ್ರೊಟೆಸ್ಟೆಂಟ್ ಪಂಥದ ಮೂಲಪುರುಷ ಮಾರ್ಟಿನ್ ಲೂಥರ್. ಯುದ್ಧಾನಂತರ ನಾಜಿ ನಾಯಕರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಯಲ್ಲಿ, ಯೆಹೂದ್ಯ ದ್ವೇಷದ ಪತ್ರಿಕೆ ನಡೆಸುತ್ತಿದ್ದ ಯೂಲಿಯುಸ್ ಸ್ಟ್ರೈಖರ್ ತನ್ನ ಪರವಾಗಿ ಎಳೆದು ತಂದದ್ದು ಅದೇ ಪುಸ್ತಕವನ್ನು. ಅವನು ಕುತರ್ಕಿ, ನಿಜ. ಆದರೆ ಪುಸ್ತಕ ಅವನ ಕಲ್ಪನೆಯಲ್ಲವಲ್ಲ.

ನಾನೂ ಪ್ರೊಟೆಸ್ಟೆಂಟ್ ಮನೆಯಲ್ಲೇ ಬೆಳೆದವನು. ಭಾನುವಾರದ ಶಾಲೆಯಲ್ಲಿ ಲೂಥರ್ ಚರ್ಚಿನ ಬಾಗಿಲಿಗೆ ತನ್ನ ವಾದಗಳನ್ನು ಜಡಿದನೆಂಬ ಸುತ್ತಿಗೆ, ಮೊಳೆ, ಬಾಗಿಲುಗಳ ಕಥೆ ಬಾಯಿಪಾಠವಾಗಿತ್ತು. ಈ ಪುಸ್ತಕದ ಹೆಸರು ಕೇಳಿದ್ದು ನಲವತ್ತು ದಾಟಿದ ಮೇಲೆ. ಶುಭ ಶುಕ್ರವಾರ ಯೋಹಾನನ ಸುವಾರ್ತೆಯಲ್ಲಿ ಯೇಸುವನ್ನು ಶಿಲುಬೆಗೆ ಹಾಕಿಸೆಂದು ‘ಯೆಹೂದ್ಯರು’ ಕೂಗಿಕೊಂಡರೆಂದು ಓದುವಾಗ, ಯೇಸುವೂ ಆತನ ತಾಯಿಯೂ ಯೆಹೂದ್ಯರೇ ಎಂದು ನಮ್ಮ ಸಭೆಯಲ್ಲಿ ಯಾರೂ ನೆನಪಿಸುತ್ತಿರಲಿಲ್ಲ.

ಲೂಥರ್ ಬೋಧಿಸಿದ ವಿಟೆನ್‌ಬರ್ಗ್ ಚರ್ಚಿನ ಗೋಡೆಯ ಮೇಲೆ ಯೆಹೂದ್ಯರನ್ನು ಹಂದಿಯ ಜೊತೆ ತೋರಿಸಿ ಅಣಕಿಸುವ ಮಧ್ಯಯುಗದ ಶಿಲ್ಪ ಇಂದಿಗೂ ಇದೆ. ಅದನ್ನು ತೆಗೆಯಬೇಕಿಲ್ಲವೆಂದು 2022ರಲ್ಲಿ ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ ಹೇಳಿತು. ಕೆಳಗೆ ಸ್ಮಾರಕ ಫಲಕವಿರುವವರೆಗೆ ಅದು ಅಲ್ಲೇ ಇರಲಿ ಎನ್ನುವವನು ನಾನು. ಲೇಖಕರು ತಮ್ಮ ಲೇಖನದಲ್ಲಿ ಈ ಶಿಲ್ಪದ ಮಾತನ್ನೇಕೆ ಬಿಟ್ಟರೋ ತಿಳಿಯಲಿಲ್ಲ.