ಕಾಲಂ 9ರಲ್ಲಿ ಅರಳಿದ ಜಮೀನು

ಕಂದಾಯ ಇಲಾಖೆಯ ಗ್ರಾಮ ಲೆಕ್ಕಿಗರು ಲೆಕ್ಕಾಧಿಕಾರಿಗಳಾಗಿ, ಲೆಕ್ಕಾಧಿಕಾರಿಗಳು ಗ್ರಾಮ ಆಡಳಿತ ಅಧಿಕಾರಿಗಳಾಗಿದ್ದು ಹಳೇ ಸುದ್ದಿ. ಜಗಳೂರು, ಚಳ್ಳಕೆರೆ ಕಡೆ ಅಜ್ಜಂದಿರು ಮಾತ್ರ ಇವತ್ತಿಗೂ ‘ಶಾನುಭೋಗ್ರು ಬಂದಾರೇನಪ್ಪಾ?’ ಅಂತಲೇ ಕೇಳುತ್ತಾರೆ. ಅವರನ್ನು ನೋಡಿ ನಗಬೇಡಿ. ಒಳಗಿನಿಂದ ಬರುವ ಉತ್ತರ ‘ನಾಳೆ ಬರ್ರಿ’ ಅಂತಲೇ ಇರುವಾಗ ಕರೆಯುವ ಹೆಸರು ಯಾಕೆ ಬದಲಾಗಬೇಕು? ವೇದಿಕೆ ಮೇಲೆ ‘ಆಮೂಲಾಗ್ರ ಪರಿವರ್ತನೆ’ ಎಂಬ ಮಾತು ಕೇಳಿಬಂದರೆ ಬೋರ್ಡ್ ಬರೆಯುವ ಪೇಂಟರಿಗೆ ಕೆಲಸ ಬಂತು ಅಂತ ತಿಳಿದರಾಯಿತು.

ಬೋರ್ಡ್ ಅಂದಕೂಡಲೇ ಹರಪನಹಳ್ಳಿ ನೆನಪಾಗುತ್ತದೆ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರ ಹೊತ್ತಿಗೆ ವಾಪಸ್ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಊರು ಒಂದು ಗೇಣೂ ಸರಿಯಲಿಲ್ಲ. ರಬ್ಬರ್ ಸ್ಟ್ಯಾಂಪು, ಲೆಟರ್‌ಹೆಡ್ಡುಗಳೇ ಜಿಲ್ಲೆ ಸುತ್ತಿದವು. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನ ಕೊಡುವ ವಿಶೇಷ ಸೌಲಭ್ಯ 371(ಜೆ) ಸಿಕ್ಕಿತು, ಅದೊಂದು ಮಾತ್ರ ತಮಾಷೆಯಲ್ಲ. ಅಲ್ಲಿ ಸೀಟು, ನೌಕರಿಯ ಲೆಕ್ಕವೇ ತಿರುಗಿತು.

ಬುಡ ಸಮೇತ ಬದಲಾಯಿಸುವುದು ಕಂದಾಯ ಇಲಾಖೆಗೆ ಬರುವುದಿಲ್ಲ ಅಂತೇನಿಲ್ಲ. 1961ರ ಕಾಯ್ದೆ ಅಪ್ಪನಿಂದ ಮಗನಿಗೆ ಇಳಿಯುತ್ತಿದ್ದ ಶಾನುಭೋಗಿಕೆ, ಪಟೇಲಿಕೆಗಳನ್ನೇ ರದ್ದು ಮಾಡಿತು. 2000ದ ಆಸುಪಾಸಿನಲ್ಲಿ ಜಮೀನು ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ‘ಭೂಮಿ’ ಬಂತು. ಕಂಪ್ಯೂಟರ್ ಇಟ್ಟದ್ದು ದೊಡ್ಡ ವಿಷಯವಲ್ಲ. ಕೈಬರಹದ ಪಹಣಿ ಇನ್ನು ನಡೆಯುವುದಿಲ್ಲ ಅಂದದ್ದು ದೊಡ್ಡದು. ಮ್ಯುಟೇಶನ್ (ಖಾತೆ ಬದಲಾವಣೆ) ಅರ್ಜಿಯನ್ನು ಬಂದ ಸರದಿಯಲ್ಲೇ ಎತ್ತಬೇಕು, ‘ನಮ್ಮವರದು’ ಅಂತ ಅಡಿಯಿಂದ ಎಳೆಯುವಂತಿಲ್ಲ ಎಂದು ತಂತ್ರಾಂಶವೇ ಕೈ ಕಟ್ಟಿತು. ಎರಡು ಸಲವೂ ಹಳೇ ಬಾಗಿಲಿಗೆ ಬೀಗ ಬಿತ್ತು, ಕೆಲವರ ಹಿಡಿತ ತಪ್ಪಿತು.

ಈಗ ಬೀಗದ ಮಾತೇ ಇಲ್ಲ, ಬರೀ ಕೂಡಿಸುವ ಲೆಕ್ಕ. ಇ-ಆಫೀಸ್ ಬಂತು, ಕಬ್ಬಿಣದ ಬೀರು ಹೋಗಲಿಲ್ಲ. ಬೆಳೆ ಸಮೀಕ್ಷೆಗೊಂದು ಆ್ಯಪ್, ಸರ್ಕಾರಿ ಜಮೀನು ಕಾಯಲು ಇನ್ನೊಂದು ಆ್ಯಪ್. ಅವನ್ನು ನಡೆಸಲು ಮೊಬೈಲು, ಲ್ಯಾಪ್‌ಟಾಪ್ ಕೊಡಿ ಅಂತ ಗ್ರಾಮ ಆಡಳಿತ ಅಧಿಕಾರಿಗಳು 2024ರಲ್ಲಿ ಮುಷ್ಕರ ಕೂರಬೇಕಾಯಿತು. ಪಾಪ, ಹೆಸರಲ್ಲಿ ‘ಆಡಳಿತ’ ಸೇರಿತ್ತು, ಕೈಗೆ ಚಾರ್ಜರ್ ಬಂದಿರಲಿಲ್ಲ.

ಮೇಲೆ ಮೇಲೆ ತಿದ್ದುವುದಕ್ಕೂ ಬುಡಕ್ಕೆ ಕೈ ಹಾಕುವುದಕ್ಕೂ ಇರುವ ವ್ಯತ್ಯಾಸಕ್ಕೆ ಕ್ರಿಸ್ ಆರ್ಗಿರಿಸ್ ಎಂಬ ಅಮೆರಿಕದ ವಿದ್ವಾಂಸರು ಥರ್ಮೋಸ್ಟಾಟಿನ ಉದಾಹರಣೆ ಕೊಡುತ್ತಿದ್ದರು. ನಮ್ಮ ಲೆಕ್ಕದಲ್ಲಿ ಎ.ಸಿ. ಅನ್ನಿ. ಉಪವಿಭಾಗಾಧಿಕಾರಿ ಅಲ್ಲ ಸ್ವಾಮಿ, ಗೋಡೆ ಮೇಲಿನದು. 18ಕ್ಕೆ ಇಟ್ಟರೆ ಕೋಣೆ ಕಾದಾಗ ಓಡುತ್ತದೆ, ತಣಿದಾಗ ನಿಲ್ಲುತ್ತದೆ. ಇದು ಸಾದಾ ತಿದ್ದುಪಡಿ. ‘18ಕ್ಕೇ ಯಾಕೆ ಇಟ್ಟಿದ್ದೀರಿ?’ ಅಂತ ಕೇಳಿದರೆ ಅದು ಬೇರೆ ಜಾತಿಯ ಪ್ರಶ್ನೆ. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಹೊರಗೆ ಸರದಿ ನಿಂತವರು ಕೇಳಿಯಾರು. ಒಳಗೆ ತಣ್ಣಗೆ ಕೂತವರು ಯಾಕೆ ಕೇಳುತ್ತಾರೆ?

ಹೀಗೆ ಯಾರೂ ಬುಡ ಕೇಳದ್ದಕ್ಕೆ ಉದಾಹರಣೆ ಕಾಲಂ 3 ಮತ್ತು 9. ಪಹಣಿಯ ಕಾಲಂ 3ರಲ್ಲಿ ಸರ್ವೆ ನಂಬರಿನ ವಿಸ್ತೀರ್ಣ, 9ರಲ್ಲಿ ಯಾರ ಹೆಸರಿಗೆ ಎಷ್ಟು ಎಂಬ ಪಟ್ಟಿ. ಎರಡೂ ತಾಳೆಯಾಗಬೇಕು. 3ರಲ್ಲಿ 4 ಎಕರೆ 20 ಗುಂಟೆ ಇದ್ದು, 9ರ ಹೆಸರುಗಳನ್ನೆಲ್ಲ ಕೂಡಿಸಿದರೆ 4 ಎಕರೆ 32 ಗುಂಟೆ ಬಂತು ಅನ್ನಿ. ಮಾರಿದವನ ಹೆಸರಿನಿಂದ ಕಳೆಯದೇ ಕೊಂಡವನಿಗೆ ಕೂಡಿಸಿದರೆ ಹೀಗಾಗುತ್ತದೆ. ಸಾಗುವಳಿಗೆ ಬಾರದ ಖರಾಬು ಕಳೆಯುವುದು ಮರೆತರೂ ಹೀಗಾಗುತ್ತದೆ. ಭಟ್ಟಿಯ ಕಾದ ಮರಳಲ್ಲಿ ಅಕ್ಕಿ ಅರಳಿ ಮಂಡಕ್ಕಿಯಾಗುವುದು ದಾವಣಗೆರೆಯವರಿಗೆ ಹೊಸದಲ್ಲ. ಕಾಲಂ 9ರಲ್ಲಿ ಜಮೀನೂ ಅರಳುತ್ತದೆ. 12 ಗುಂಟೆ! ಬ್ರಹ್ಮನಿಗೂ ಸಾಧ್ಯವಾಗದ್ದು ಒಂದು ಪೆನ್ನಿನಿಂದ ಆಯಿತು. ಕೈಬರಹದ ಆ ತಪ್ಪನ್ನು ಕಂಪ್ಯೂಟರಿಗೆ ಅಕ್ಷರಕ್ಕೆ ಅಕ್ಷರ ಇಳಿಸಿಕೊಂಡರು. ಮೊದಲು ತಪ್ಪು ದಫ್ತರದಲ್ಲಿ ಧೂಳು ಹಿಡಿದು ಮಲಗಿತ್ತು, ಈಗ ಆನ್‌ಲೈನಲ್ಲಿ ಜಗತ್ತಿಗೇ ಕಾಣುತ್ತದೆ.

ತಪ್ಪು ರೈತನದಲ್ಲ. ಬರೆದವರು ಇಲಾಖೆಯವರು, ಕೂಡಿಸಿದವರು ಇವರು, ಟೈಪ್ ಮಾಡಿಸಿದವರೂ ಇವರೇ. ತಿದ್ದುಪಡಿಗೆ ಅರ್ಜಿ ಕೊಡಬೇಕಾದವನು ಮಾತ್ರ ಅವನು. ಬಸ್ ಚಾರ್ಜು ಅವನದು, ಹಾಳಾಗುವ ಕೂಲಿ ಅವನದು. ಸರ್ವೆಯವರ ವರದಿ, ಗ್ರಾಮ ಆಡಳಿತ ಅಧಿಕಾರಿಯ ಮಹಜರು, ಕಂದಾಯ ನಿರೀಕ್ಷಕರ (ಆರ್‌ಐ) ಶಿಫಾರಸು, ಮೇಲಿನ ಆದೇಶ ಎಲ್ಲ ಮುಗಿಯುವ ತನಕ ಪಾಲು ಮಾಡುವಂತಿಲ್ಲ, ಮಾರುವಂತಿಲ್ಲ, ಬ್ಯಾಂಕಿನವರು ಪಹಣಿ ನೋಡಿ ತಲೆ ಅಲ್ಲಾಡಿಸುತ್ತಾರೆ. ಬಿತ್ತನೆ ಕಾಯುತ್ತದೆಯೇ? ಮುಂಗಾರು ಯಾವ ಆ್ಯಪ್ ನೋಡಿಕೊಂಡು ಬರುತ್ತದೆ?

ಅಂದಹಾಗೆ ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯವರು ಕಾಗದರಹಿತ ಆಡಳಿತ ಬಂದ ಮೇಲೆ ಎರಡನೇ ಮಷೀನ್ ಹಾಕಿದ್ದಾರೆ.