ಕುಂಬಳೆ ಸೀಮೆಯ ಜೋಯಿಲಸರು

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆ ಕಡೆ ಒಂದು ತಾಳಮದ್ದಳೆ (ವೇಷ ಕಟ್ಟದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಆದರೆ ಎರಡು ಆದ ಹಾಗೆ. ಒಂದು ವೇದಿಕೆಯಲ್ಲಿ. ಇನ್ನೊಂದು ಅದು ಮುಗಿದ ಮೇಲೆ, ಚಾದಂಗಡಿಯ ಬೆಂಚಿನಲ್ಲಿ. ಎರಡನೆಯದಕ್ಕೆ ಭಾಗವತರೂ ಬೇಡ, ಚೆಂಡೆಯೂ ಬೇಡ. ಕೃಷ್ಣನ ಪೀಠಿಕೆ ಉದ್ದವಾಯಿತು. ಕರ್ಣ ಸಾಯುವ ಹೊತ್ತಿಗೂ ವ್ಯಾಕರಣ ತಪ್ಪಿದ. ಕಡೆಗೆ ಪಾಯಸಕ್ಕೆ ಬೆಲ್ಲ ಜಾಸ್ತಿ ಆಯಿತು. ಹೇಳುವವರು ಮೂರು ಸಲ ಬಡಿಸಿಕೊಂಡವರೇ!

ಹೀಗೆ ಮೊಸರಿನಲ್ಲಿ ಕಲ್ಲು ಹುಡುಕುವವರಿಗೆ ಇಂಗ್ಲಿಷಿನಲ್ಲಿ ಒಂದು ಘನವಾದ ಹೆಸರಿದೆ: ಜೋಯಿಲಿಸ್ಟ್. ಮೂಲಪುರುಷ ಜೋಯಿಲಸ್. ಜೋಯಿಸರ ಮನೆಯವನೇನೋ ಅಂದುಕೊಳ್ಳಬೇಡಿ. ಜೋಯಿಸರು ದೋಷ ಕಂಡರೆ ಪರಿಹಾರವನ್ನೂ ಹೇಳುತ್ತಾರೆ. ಇವನು ದೋಷ ಹೇಳಿ ಎದ್ದುಹೋಗುವ ಪೈಕಿ.

ಕ್ರಿ.ಪೂ. 4ನೇ ಶತಮಾನದ ಗ್ರೀಕ. ಊರು ಆಂಫಿಪೊಲಿಸ್. ಅದೂ ಗಡಿನಾಡೇ. ಅಥೆನ್ಸಿನವರು ಕಟ್ಟಿದರು, ಸ್ಪಾರ್ಟಾದವರು ಕಿತ್ತುಕೊಂಡರು, ಕ್ರಿ.ಪೂ. 357ರಲ್ಲಿ ಮ್ಯಾಸಿಡೋನಿಯಾದ ಫಿಲಿಪ್ ನುಂಗಿದ. (ನಮ್ಮನ್ನು 1956ರಲ್ಲಿ ಕೇರಳಕ್ಕೆ ಕಾಗದದಲ್ಲೇ ದಾಟಿಸಿದರು, ಕತ್ತಿ ಬೇಕಾಗಲಿಲ್ಲ.) ಅಂಥ ಊರಿನಲ್ಲಿ ಹುಟ್ಟಿದವನು ಬೈದದ್ದು ಯಾರನ್ನು? ಗ್ರೀಕರ ಮಹಾಕವಿ ಹೋಮರನನ್ನು! ಅದೂ ಒಂಬತ್ತು ಪುಸ್ತಕದಷ್ಟು. ಹೋಮರನ ಕಾವ್ಯದಲ್ಲಿ ಮಾಟಗಾತಿ ಸರ್ಸಿ ನಾಯಕ ಒಡಿಸ್ಸಿಯಸನ ಜೊತೆಗಾರರನ್ನು ಹಂದಿ ಮಾಡಿದಾಗ ಅವರು ಅತ್ತರಂತೆ. 'ಅಳುವ ಹಂದಿಮರಿಗಳು' ಎಂದು ಇವನು ನಗಾಡಿದ. ಜನ ಇವನಿಗೆ 'ಹೋಮರನ ಚಾಟಿ' ಎಂದು ಅಡ್ಡಹೆಸರಿಟ್ಟರು.

ರೋಮಿನ ವಿಟ್ರೂವಿಯಸ್ ಒಂದು ಕಥೆ ಹೇಳುತ್ತಾನೆ. ಜೋಯಿಲಸ್ ಈಜಿಪ್ಟಿನ ರಾಜ ಟಾಲೆಮಿಯ ಮುಂದೆ ತನ್ನ ಬೈಗುಳ ಓದಿದ. ರಾಜ ತುಟಿ ಬಿಚ್ಚಲಿಲ್ಲ. ಮುಂದೆ ಹೊಟ್ಟೆಗಿಲ್ಲದೆ ಸಹಾಯ ಕೇಳಿದಾಗ ಮಾತ್ರ ಉತ್ತರ ಬಂತು. ಸತ್ತು ಸಾವಿರ ವರ್ಷವಾದ ಹೋಮರ್ ಇಂದಿಗೂ ಸಾವಿರಾರು ಜನಕ್ಕೆ ಅನ್ನ ಹಾಕುತ್ತಿದ್ದಾನೆ, ಅವನಿಗಿಂತ ಜಾಣನಾದ ನೀನು ಇನ್ನೂ ಜಾಸ್ತಿ ಜನಕ್ಕೆ ಹಾಕಬೇಕಲ್ವಾ? ನಮ್ಮ ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನೂ ಹಾಗೇ. ಅವನ ರಾಮಾಯಣ ಪ್ರಸಂಗಗಳಿಂದ ಮೇಳಗಳಿಗೂ ಅನ್ನ, ಚಾದಂಗಡಿಗೂ ವ್ಯಾಪಾರ.

ಇಷ್ಟು ಹರಿತದ ನಾಲಿಗೆಗಳಿರುವ ಊರಿನಲ್ಲಿ ಸರಕಾರಿ ಕಚೇರಿಗಳು ನಡುಗಬೇಕಿತ್ತು. ಬೋರ್ಡಿನಲ್ಲಿ ನಮ್ಮ ಮಂಜೇಶ್ವರ ಹೋಗಿ ಮಲಯಾಳದ ಮಂಜೇಶ್ವರಂ ಆಯಿತು. ಬೆಂಚಿನಲ್ಲಿ ಒಬ್ಬರಿಗೂ ಶ್ರುತಿ ತಪ್ಪಿದ್ದು ಕೇಳಲಿಲ್ಲ. ಹೋರಾಡುವವರು ಹೋರಾಡುತ್ತಾರೆ, ಆ ಮಾತು ಬೇರೆ. ಅವರ ಭಾಷಣವೂ ಉದ್ದವಾಯಿತು ಎಂದು ಬೆಂಚು ತೀರ್ಪು ಕೊಟ್ಟಾಗಿದೆ.

ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಕೇರಳದ 1969ರ ಆಡಳಿತ ಭಾಷಾ ಕಾನೂನಿನಲ್ಲೇ ಇದಿದೆ. ಆದರೂ ಕರ್ಣನ ವ್ಯಾಕರಣ ತಿದ್ದಿದ ಮಹನೀಯರು ಕಚೇರಿಗೆ ಹೋದರೆ ಮಲಯಾಳದ ಅರ್ಜಿ ಕೈಗೆ ಬರುತ್ತದೆ. ಒಂದಕ್ಷರ ಓದಲು ಬರುವುದಿಲ್ಲ. "ಎಲ್ಲಿ ಸೈನ್ ಹಾಕಬೇಕು ಸಾರ್?" ಎಂದು ಮೆಲ್ಲಗೆ ಕೇಳುತ್ತಾರೆ. ತೋರಿಸಿದಲ್ಲಿ ಹಾಕುತ್ತಾರೆ. ಮೆಟ್ಟಿಲಿಳಿದ ಮೇಲೆಯೇ ಸ್ವರ ಏರುವುದು:

"ಅಲ್ಲ ಮಾರಾಯ್ರೇ, ಪೆನ್ನಿಗೆ ನೂಲು ಕಟ್ಟಿದ್ದಾರಲ್ಲ, ಎಷ್ಟು ಗಿಡ್ಡ! ಒಂದು ಮೊಳ ಜಾಸ್ತಿ ಇಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು?"