ಹೃದಯವೂ ಒಂದು ಸ್ನಾಯು ಅಂತ ಆ ಹುಡುಗನಿಗೆ ಯಾರೂ ಹೇಳಿರಲಿಲ್ಲ

ಹೋದ ವರ್ಷ ಯುಗಾದಿಯ ಮರುದಿನ ಅಕ್ಕ ಫೋನ್ ಮಾಡಿದಳು. "ಇವನ ಜಿಮ್ ಬ್ಯಾಗಲ್ಲಿ ಸಿರಿಂಜು ಸಿಕ್ತು ಕಣೋ" ಅಂದವಳಿಗೆ ಮುಂದೆ ಮಾತೇ ಹೊರಡಲಿಲ್ಲ. ಮಗ ಯಾವುದೋ ನಶೆಗೆ ಬಿದ್ದ ಅಂತಲೇ ಅವಳು ಅಂದುಕೊಂಡಿದ್ದಳು. ನಾನು ಹೋಗಿ ನೋಡಿದರೆ ಎಣ್ಣೆಯಂಥ ತಿಳಿ ಹಳದಿ ದ್ರವದ ಆಂಪ್ಯೂಲ್‌ಗಳು, ಒಂದೊಂದರಲ್ಲೂ 250 ಮಿಲಿಗ್ರಾಂ ಟೆಸ್ಟೋಸ್ಟೆರಾನ್. ಜೊತೆಗೆ ಅರ್ಧ ಖಾಲಿಯಾದ ಸ್ಟಾನೊಜೊಲಾಲ್ ಮಾತ್ರೆಯ ಸ್ಟ್ರಿಪ್. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಕೆನಡಾದ ಓಟಗಾರ ಬೆನ್ ಜಾನ್ಸನ್ ಚಿನ್ನ ಕಳೆದುಕೊಂಡಿದ್ದು ಇದೇ ಔಷಧಿಯಿಂದ. ಹುಡುಗನಿಗೆ ಬರೀ 24.

"ಮಾಮ, ಇದು ಡ್ರಗ್ಸ್ ಅಲ್ಲ. ಮೈಯಲ್ಲೇ ಇರೋ ಹಾರ್ಮೋನ್. ಒಂದು ಸೈಕಲ್ ಹಾಕ್ತಿದೀನಿ, ಹನ್ನೆರಡು ವಾರ, ಅಷ್ಟೇ. ಕೋಚ್ ಕೊಟ್ಟಿದ್ದು" ಅಂದ. ಇಪ್ಪತ್ತು ವರ್ಷದಿಂದ ಕಬ್ಬಿಣ ಎತ್ತುತ್ತಿರುವ ನಾನು ಈ ಮಾತನ್ನು ಎಷ್ಟೋ ಜಿಮ್‌ಗಳಲ್ಲಿ ಕೇಳಿ ಸುಮ್ಮನಾಗಿದ್ದೆ. ನಮ್ಮನೆ ಹುಡುಗನ ಬಾಯಲ್ಲಿ ಕೇಳಿದಾಗ ನನ್ನ ಆ ಮೌನದ ಬಗ್ಗೆಯೇ ನಾಚಿಕೆಯಾಯಿತು. ಅವನ ಮತ್ತು ಅಕ್ಕನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

"ಮೈಯಲ್ಲೇ ಇರೋದು" ಅನ್ನುವ ಮಾತಿನ ಲೆಕ್ಕ ಮೊದಲು ನೋಡಿ. ಆರೋಗ್ಯವಂತ ಗಂಡಸಿನ ದೇಹ ದಿನಕ್ಕೆ ಸುಮಾರು 5ರಿಂದ 7 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ತಯಾರಿಸುತ್ತದೆ, ವಾರಕ್ಕೆ ಹೆಚ್ಚೆಂದರೆ 50. ಇವನು ವಾರಕ್ಕೆ ಎರಡು ಆಂಪ್ಯೂಲ್ ಚುಚ್ಚಿಕೊಳ್ಳುತ್ತಿದ್ದ. ಅದರಲ್ಲಿ ಬೆರೆತ ಬೇರೆ ರಾಸಾಯನಿಕದ ತೂಕ ಕಳೆದರೂ ದೇಹದ ಸ್ವಂತ ದುಡಿಮೆಯ ಏಳರಿಂದ ಹತ್ತು ಪಟ್ಟು. ಉಪ್ಪೂ ಮೈಯಲ್ಲೇ ಇದೆ. ಹಾಗಂತ ಸಾರಿಗೆ ಹತ್ತು ಪಟ್ಟು ಉಪ್ಪು ಹಾಕಿ ದಿನಾ ಉಣ್ಣುತ್ತೇವೆಯೇ?

ಆ ಇಂಜೆಕ್ಷನ್ ಚುಚ್ಚಿದ ಜಾಗದಲ್ಲಿ ಕೂತಿರುವುದಿಲ್ಲ. ರಕ್ತದಲ್ಲಿ ಬೆರೆತು ಊರೆಲ್ಲ ತಿರುಗುತ್ತದೆ. ತೋಳಿನ ಸ್ನಾಯುವಿಗೆ "ಬೆಳಿ" ಅಂತ ಹೇಳುವ ಹಾರ್ಮೋನ್ ಹೃದಯದ ಸ್ನಾಯುವಿಗೂ ಅದನ್ನೇ ಹೇಳುತ್ತದೆ, ಯಾಕೆಂದರೆ ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳು ಹೃದಯದ ಜೀವಕೋಶಗಳಲ್ಲೂ ಇವೆ. ತೋಳು ದಪ್ಪವಾದರೆ ಅಂಗಿ ಬಿಗಿಯಾಗುತ್ತದೆ, ಅಷ್ಟೇ. ಹೃದಯದ ಗೋಡೆ ದಪ್ಪವಾದರೆ ಅದು ಸಡಿಲಗೊಂಡು ರಕ್ತ ತುಂಬಿಕೊಳ್ಳುವುದೇ ಕಷ್ಟವಾಗುತ್ತದೆ. ವರ್ಷಗಳು ಕಳೆದಂತೆ ಅಲ್ಲಲ್ಲಿ ಗಾಯದ ಕಲೆಯಂಥ ನಾರು ಬೆಳೆಯುತ್ತದೆ, ಹೃದಯದ ವಿದ್ಯುತ್ ಹರಿವು ದಾರಿ ತಪ್ಪುವುದು ಅಂಥ ಜಾಗಗಳಲ್ಲೇ. ಇನ್ನೊಂದು ಕಡೆ ಕೆಂಪು ರಕ್ತಕಣಗಳು ಹೆಚ್ಚಿ, ಬೆಲ್ಲದ ಪಾಕ ಏರಿದ ಹಾಗೆ ರಕ್ತ ಮಂದವಾಗುತ್ತದೆ. ಒಳ್ಳೆಯ ಕೊಲೆಸ್ಟರಾಲ್, ಅಂದರೆ ಎಚ್‌ಡಿಎಲ್, ಕುಸಿಯುತ್ತದೆ. 1989ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ದಿನಕ್ಕೆ ಬರೀ 6 ಮಿಲಿಗ್ರಾಂ ಸ್ಟಾನೊಜೊಲಾಲ್ ಆರು ವಾರದಲ್ಲಿ ಎಚ್‌ಡಿಎಲ್ ಅನ್ನು ಶೇ 33ರಷ್ಟು ಇಳಿಸಿತ್ತು. ಇದ್ಯಾವುದೂ ಕನ್ನಡಿಯಲ್ಲಿ ಕಾಣುವುದಿಲ್ಲ. ಕನ್ನಡಿಯಲ್ಲಿ ಹುಡುಗ ಚೆನ್ನಾಗೇ ಕಾಣುತ್ತಿರುತ್ತಾನೆ.

ಹೃದ್ರೋಗ ತಜ್ಞರ ಹತ್ತಿರ ಕರೆದುಕೊಂಡು ಹೋದೆ. ಏನಾದರೂ ತಗೋತೀಯಾ ಅಂತ ಅವರು ಕೇಳಿದರು. "ಪ್ರೋಟೀನ್ ಪೌಡರ್ ಸರ್" ಅಂದ. ನಾನೇ ಬಾಯಿ ಬಿಡಬೇಕಾಯಿತು. ಬಿಪಿ 158/100. ಎಚ್‌ಡಿಎಲ್ ಬರೀ 16. ಎಕೋದಲ್ಲಿ (ಹೃದಯದ ಸ್ಕ್ಯಾನ್) ಎಡ ಹೃತ್ಕುಕ್ಷಿಯ, ಅಂದರೆ ಮೈಗೆಲ್ಲ ರಕ್ತ ದೂಡುವ ಕೋಣೆಯ, ಗೋಡೆ ದಪ್ಪಗಾಗಿ 14 ಮಿಲಿಮೀಟರ್, ಇಎಫ್ 48. ಇಎಫ್ ಅಂದರೆ ಹೃದಯ ಒಂದು ಬಡಿತಕ್ಕೆ ತನ್ನಲ್ಲಿರುವ ರಕ್ತದಲ್ಲಿ ಶೇಕಡಾ ಎಷ್ಟು ಭಾಗ ಹೊರದೂಡುತ್ತದೆ ಅನ್ನುವ ಲೆಕ್ಕ, 55ರ ಮೇಲಿರಬೇಕು. 140 ಕಿಲೋ ಸ್ಕ್ವಾಟ್ ಮಾಡುವ ಹುಡುಗ ಆ ಕಾಗದ ಹಿಡಿದು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದನ್ನು ನಾನು ಮರೆಯಲಾರೆ.

ಅಕ್ಕ ಅಂದೇ ತೀರ್ಮಾನ ಮಾಡಿಬಿಟ್ಟಳು, ಇನ್ನು ಮೇಲೆ ಜಿಮ್ ಬಂದ್ ಅಂತ. ನನ್ನ ತಕರಾರು ಇರುವುದೇ ಇಲ್ಲಿ. 2021ರ ಅಕ್ಟೋಬರ್ 29ರಂದು ಅಪ್ಪು ಹೋದ ದಿನದಿಂದ ನಮ್ಮ ನಾಡಿನ ತಾಯಂದಿರಿಗೆ ಜಿಮ್ ಅಂದರೆ ಎದೆ ಝಲ್ಲೆನ್ನುತ್ತದೆ. (ಅವರ ಸಾವಿನ ಜೊತೆ ಈ ಇಂಜೆಕ್ಷನ್ ವಿಷಯವನ್ನು ದಯವಿಟ್ಟು ಯಾರೂ ತಳಕು ಹಾಕಬೇಡಿ. ನಾನು ಹೇಳುತ್ತಿರುವುದು ನಮ್ಮೊಳಗೆ ಕೂತ ಭಯದ ಬಗ್ಗೆ.) 2025ರಲ್ಲಿ ಹಾಸನದಿಂದ ಒಂದರ ಹಿಂದೆ ಒಂದು ಹೃದಯಾಘಾತದ ಸಾವಿನ ಸುದ್ದಿ ಬಂದಾಗ ಜಯದೇವ ಆಸ್ಪತ್ರೆಯ ಮುಂದೆ ಜನ ಬೆಳಗಿನ ಜಾವದಿಂದಲೇ ಸಾಲು ನಿಂತರು. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಭಯದಲ್ಲಿ ನಾವು ಡಂಬೆಲ್ಲನ್ನು ಹಿಡಿದು ಬಡಿಯುತ್ತೇವೆ, ಸಿರಿಂಜು ತಪ್ಪಿಸಿಕೊಂಡುಬಿಡುತ್ತದೆ.

2017ರಲ್ಲಿ ಅಮೆರಿಕದ 'ಸರ್ಕ್ಯುಲೇಷನ್' ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 140 ಗಂಡಸರು, ಎಲ್ಲರೂ ವರ್ಷಗಟ್ಟಲೆ ಭಾರ ಎತ್ತಿ ಪಳಗಿದವರು. 86 ಮಂದಿ ಸ್ಟೀರಾಯ್ಡ್ (ಟೆಸ್ಟೋಸ್ಟೆರಾನ್, ಸ್ಟಾನೊಜೊಲಾಲ್ ಥರದ ಔಷಧಿ) ಬಳಸಿದವರು, 54 ಮಂದಿ ಬಳಸದವರು. ಬಳಸದವರ ಸರಾಸರಿ ಇಎಫ್ 63, ಬಳಸಿದವರದ್ದು 52. ಪರೀಕ್ಷೆಯ ಹೊತ್ತಿಗೂ ಬಳಸುತ್ತಿದ್ದವರದ್ದು 49. ಬಳಸಿದವರಲ್ಲಿ ಮೂವರಿಗೆ ಆಗಲೇ ಹೃದಯಾಘಾತವಾಗಿತ್ತು. ಕಬ್ಬಿಣ ಎರಡೂ ಗುಂಪಿಗೆ ಒಂದೇ ಆಗಿತ್ತಲ್ಲ? ಡೆನ್ಮಾರ್ಕಿನಲ್ಲಿ ಜಿಮ್‌ಗಳಿಗೇ ಹೋಗಿ ಡೋಪಿಂಗ್ (ನಿಷೇಧಿತ ಔಷಧಿ ಬಳಕೆಯ) ಪರೀಕ್ಷೆ ಮಾಡುವ ಪದ್ಧತಿ ಇದೆ. ಹಾಗೆ ಸಿಕ್ಕಿಬಿದ್ದ 545 ಗಂಡಸರನ್ನು ಅದೇ ವಯಸ್ಸಿನ ಉಳಿದವರ ಜೊತೆ ಹೋಲಿಸಿದಾಗ ಸಾವಿನ ಪ್ರಮಾಣ ಮೂರು ಪಟ್ಟು ಕಂಡಿತು. 2017ರಲ್ಲೇ ತೀರಿಕೊಂಡ ಅಮೆರಿಕದ ಬಾಡಿಬಿಲ್ಡರ್ ಡಲ್ಲಾಸ್ ಮೆಕಾರ್ವರ್‌ಗೆ 26 ವರ್ಷ. ಮರಣೋತ್ತರ ಪರೀಕ್ಷೆಯಲ್ಲಿ ಅವನ ಹೃದಯ 833 ಗ್ರಾಂ ತೂಗಿತ್ತು. ಸಾಮಾನ್ಯ ಗಂಡಸಿನದ್ದು 300-350 ಇರುತ್ತದೆ.

ಭಾರ ಎತ್ತುವುದರಲ್ಲಿ ಅಪಾಯವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಉಸಿರು ಬಿಗಿಹಿಡಿದು ಲೆಗ್ ಪ್ರೆಸ್ ಮಾಡುವಾಗ ಬಾಡಿಬಿಲ್ಡರ್‌ಗಳ ರಕ್ತನಾಳದೊಳಗೇ ಅಳೆದರೆ ಒತ್ತಡ ಸರಾಸರಿ 320/250 ಮುಟ್ಟಿದ್ದು 1985ರಷ್ಟು ಹಿಂದೆಯೇ ದಾಖಲಾಗಿದೆ. ಕೆಲವೇ ಕ್ಷಣದ ಆ ಏರಿಕೆಯನ್ನು ಗಟ್ಟಿ ಹೃದಯ ತಡೆದುಕೊಳ್ಳುತ್ತದೆ. ಮಹಾಪಧಮನಿ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಹಿಗ್ಗಿದವರು, ಬಿಪಿ ಹತೋಟಿಯಲ್ಲಿಲ್ಲದವರು, ಮನೆಯಲ್ಲಿ ಚಿಕ್ಕ ವಯಸ್ಸಿನ ಹೃದಯದ ಸಾವು ಕಂಡವರು ತೋರಿಸಿಕೊಂಡೇ ಶುರುಮಾಡಬೇಕು. ಉಳಿದವರಿಗೆ, ಮುಖ್ಯವಾಗಿ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿರುವ ನಮ್ಮಂಥವರಿಗೆ, ಭಾರ ಎತ್ತುವುದು ಒಳ್ಳೆಯದೇ. ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಇಂಜೆಕ್ಷನ್ ಇಲ್ಲದೆ ಬಾಡಿ ಬರಲ್ಲ ಅನ್ನುವವರು ಬೆಂಗಳೂರಿನ ಕೆ.ವಿ. ಅಯ್ಯರ್ ಅವರ ಹಳೆಯ ಫೋಟೋಗಳನ್ನು ಒಮ್ಮೆ ನೋಡಬೇಕು. ಕಾದಂಬರಿಕಾರರೂ ವ್ಯಾಯಾಮ ಗುರುವೂ ಆಗಿದ್ದ ಅವರು ದೇಹದಾರ್ಢ್ಯಕ್ಕೆ ಹೆಸರಾಗಿದ್ದು 1920ರ ದಶಕದಲ್ಲಿ. ಪ್ರಯೋಗಶಾಲೆಯಲ್ಲಿ ಟೆಸ್ಟೋಸ್ಟೆರಾನ್ ತಯಾರಾಗಿದ್ದು 1935ರಲ್ಲಿ. ಆ ಭುಜ, ಆ ಎದೆ ಬಂದಿದ್ದು ಸಾಧನೆಯಿಂದ, ಹೊಟ್ಟೆ ತುಂಬ ಊಟದಿಂದ, ನಿದ್ದೆಯಿಂದ. ಮೈಸೂರಿನ ಗರಡಿಗಳಲ್ಲಿ ದಂಡ-ಬಸ್ಕಿ ಹೊಡೆದ ಪೈಲ್ವಾನರಿಗೂ ಹನ್ನೆರಡು ವಾರದ ಗಡುವು ಇರಲಿಲ್ಲ.

ಟೆಸ್ಟೋಸ್ಟೆರಾನ್ ನಿಜವಾಗಿ ಕಡಿಮೆಯಿದ್ದು ವೈದ್ಯರು ಅಳೆದು ಕೊಡುವುದು ಬೇರೆ ಮಾತು. 2023ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಹಾಗೆ ಜೆಲ್ ಹಚ್ಚಿಕೊಂಡವರಿಗೆ ಹೃದಯಾಘಾತ ಹೆಚ್ಚಲಿಲ್ಲ. ಅಲ್ಲೂ ಎದೆಬಡಿತದ ಏರುಪೇರು, ಶ್ವಾಸಕೋಶದ ರಕ್ತನಾಳ ಕಟ್ಟುವುದು ಸ್ವಲ್ಪ ಜಾಸ್ತಿ ಕಂಡಿತ್ತು ಅನ್ನುವುದನ್ನೂ ಹೇಳಬೇಕು. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲದ ಔಷಧಿಯನ್ನು, ಬಿಪಿ ಕೂಡ ನೋಡದೆ, 24ರ ಹುಡುಗನಿಗೆ ಕೊಟ್ಟ ಆ ಕೋಚ್ ಮೇಲೆ ನನಗೆ ಈಗಲೂ ಸಿಟ್ಟಿದೆ. ಹೋಗಿ ಕೇಳಿದೆ. "ಎಲ್ರೂ ತಗೋತಾರೆ ಸರ್" ಅಂದರು.

ಮನೆಯವರಿಗೆ ಒಂದು ಮಾತು. ಸಿರಿಂಜು ಸಿಕ್ಕರೆ ಹೊಡೆಯಬೇಡಿ, ಎಲ್ಲವನ್ನೂ ಕಸದ ಬುಟ್ಟಿಗೆ ಎಸೆದು ಸುಮ್ಮನಾಗಲೂ ಬೇಡಿ. ಹೊರಗಿನಿಂದ ಹಾರ್ಮೋನ್ ಬರುತ್ತಿದ್ದಾಗ ದೇಹ ತನ್ನದನ್ನು ನಿಲ್ಲಿಸಿಬಿಟ್ಟಿರುತ್ತದೆ. ಬಿಟ್ಟ ಮೇಲೆ ತಿಂಗಳುಗಟ್ಟಲೆ ಮಂಕು, ಸುಸ್ತು, ಅಳು. ಅದು ತಡೆಯಲಾಗದೆಯೇ ಎಷ್ಟೋ ಹುಡುಗರು ಮತ್ತೆ ಚುಚ್ಚಿಕೊಳ್ಳುತ್ತಾರೆ. ಹಾರ್ಮೋನ್ ತಜ್ಞರ ಹತ್ತಿರ ಕರೆದೊಯ್ಯಿರಿ, ಎಕೋ ಮಾಡಿಸಿ, ಡಾಕ್ಟರ ಮುಂದೆ ಔಷಧಿಯ ಹೆಸರನ್ನು ಇದ್ದ ಹಾಗೆ ಹೇಳಿಸಿ.

ನಮ್ಮ ಹುಡುಗ ಆ ತಿಂಗಳುಗಳನ್ನು ದಾಟಿದ. ಒಂಬತ್ತು ಕಿಲೋ ಇಳಿದ. ಬಿಗಿಯಾಗಿದ್ದ ಅಂಗಿಗಳು ಜೋಲುತ್ತಿವೆ. ಡಾಕ್ಟರು ಒಪ್ಪಿದ ಮೇಲೆ ಸಂಜೆ ನನ್ನ ಜೊತೆಗೇ ಬರುತ್ತಾನೆ, ಹಗುರ ಭಾರ, ಎತ್ತುವಾಗ ಬಾಯಿಬಿಟ್ಟು ಉಸಿರು. ಹೋದ ವಾರದ ಎಕೋದಲ್ಲಿ ಇಎಫ್ 55. ಗೋಡೆ ಇನ್ನೂ 13 ಮಿಲಿಮೀಟರ್ ಇದೆ. ಈಗ ಅಕ್ಕನಿಗೂ ರಿಪೋರ್ಟ್ ಓದುವುದು ಬರುತ್ತದೆ. ಅವಳು ಮೊದಲು ಬೆರಳಿಡುವುದು ಆ 13ರ ಮೇಲೆ.